ಬಿಸಿಲು ಮುಖಕ್ಕೆ, ಕಣ್ಣು ಅಂಗಾಲಿಗೆ: ಚರ್ಮದ ಕ್ಯಾನ್ಸರ್ ಅಪಾಯ ತಿಳಿಯುವುದು ಹೇಗೆ?

ವಿಜಯಪುರದ ದ್ರಾಕ್ಷಿ ಪಡದಲ್ಲಿ ದಿನವಿಡೀ ದುಡಿಯುವವರಿಗೆ ಬಿಸಿಲಿನ ಬಗ್ಗೆ ಬುದ್ಧಿ ಹೇಳಲು ಹೋದರೆ ನಗುತ್ತಾರೆ. ಆ ನಗುವಿನಲ್ಲಿ ಅರ್ಧ ಸತ್ಯವಿದೆ. ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಅತಿನೇರಳೆ ಕಿರಣಗಳನ್ನು ಬಹಳಷ್ಟು ತಡೆಯುತ್ತದೆ. ಹಾಗಾಗಿ ಆಸ್ಟ್ರೇಲಿಯಾದ ಬಿಳಿಯರಲ್ಲಿ ಕಾಣುವಷ್ಟು ಚರ್ಮದ ಕ್ಯಾನ್ಸರ್ ನಮ್ಮಲ್ಲಿಲ್ಲ. ಆದರೆ ಬಂದಾಗ ತಡವಾಗಿ ಗೊತ್ತಾಗುತ್ತದೆ, ಏಕೆಂದರೆ ಅದು ಯಾರೂ ನೋಡದ ಜಾಗದಲ್ಲೂ ಬರುವುದುಂಟು. ವಿದೇಶದ ಸಲಹೆಗಳನ್ನು ಹಾಗೆಯೇ ಇಳಿಸಿಕೊಂಡರೆ ನಮಗೆ ಬೇಕಾದದ್ದೇ ಬಿಟ್ಟುಹೋಗುತ್ತದೆ.

ಮೊದಲ ಹೆಜ್ಜೆ: ನೆರಳು ನೋಡಿ

ಬಿಸಿಲಿನ ಕಾವು ಬೇರೆ, ಅತಿನೇರಳೆ ಕಿರಣ ಬೇರೆ. ಜನವರಿಯ ತಂಪು ಗಾಳಿಯಲ್ಲೂ ಕಿರಣ ಬಲವಾಗಿಯೇ ಇರಬಹುದು. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣ ಪ್ರಬಲವಾಗಿದೆ ಎಂದರ್ಥ. ನಮ್ಮ ಕಡೆ ಸೂರ್ಯ ನಡುನೆತ್ತಿಗೆ ಬರುವುದು ಸುಮಾರು ಹನ್ನೆರಡೂವರೆಗೆ. ಆ ಹೊತ್ತಿನ ನೆರಳು ಡಿಸೆಂಬರಿನಲ್ಲೂ ಆಳಿಗಿಂತ ಗಿಡ್ಡವೇ. ಮೇ ಮತ್ತು ಆಗಸ್ಟ್ ತಿಂಗಳ ಮೊದಲ ವಾರದ ಸುಮಾರಿಗಂತೂ ಅದು ಕಾಲಡಿಗೇ ಸೇರುತ್ತದೆ. ಮೊಬೈಲ್‌ನ ಹವಾಮಾನ ಆ್ಯಪ್‌ನಲ್ಲಿ ಯುವಿ (ಅತಿನೇರಳೆ ಕಿರಣದ) ಸೂಚ್ಯಂಕವೂ ಸಿಗುತ್ತದೆ: 3ರಿಂದಲೇ ರಕ್ಷಣೆ ಬೇಕು, 8 ಮುಟ್ಟಿದರೆ ಅತಿ ಹೆಚ್ಚು, 11 ಮುಟ್ಟಿದರೆ ವಿಪರೀತ.

ಎರಡನೆಯದು: ಬಟ್ಟೆ, ಆಮೇಲೆ ಕ್ರೀಮು

ಗಾಂಧಿ ಟೊಪ್ಪಿಗೆ ನೆತ್ತಿಯನ್ನು ಕಾಯುತ್ತದೆ. ಕಿವಿ, ಕತ್ತನ್ನು ಬಿಸಿಲಿಗೇ ಬಿಡುತ್ತದೆ. ಸೆರಗು ಇಳಿಬಿಟ್ಟ ರುಮಾಲು ಅದಕ್ಕಿಂತ ವಾಸಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳೆಗಳ ನಡುವೆ ಬೆಳಕು ತೂರಿದರೆ ಕಿರಣವೂ ತೂರುತ್ತದೆ. ಬಿಸಿಲು ತಡೆಯುವ ಕ್ರೀಮು, ಅಂದರೆ ಸನ್‌ಸ್ಕ್ರೀನ್ ವಿಷಯದಲ್ಲಿ ಜಾಹೀರಾತಿನ ಅಂಕಿಗೆ ಮರುಳಾಗಬೇಡಿ. ರಕ್ಷಣೆಯ ಅಳತೆಯಾದ ಎಸ್‌ಪಿಎಫ್ 30 ಎಂದಿರುವುದು ಚರ್ಮ ಸುಡುವ ಯುವಿಬಿ ಎಂಬ ಅತಿನೇರಳೆ ಕಿರಣದ ಶೇ 97ರಷ್ಟನ್ನು ತಡೆದರೆ, 50 ಎಂದಿರುವುದು ಶೇ 98ರಷ್ಟನ್ನು ತಡೆಯುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಬ್ಬು ಕಡಿಯುವವರಿಗೆ ಇದನ್ನು ಹೇಳುವುದು ದುಬಾರಿ ಉಪದೇಶ. ಅವರಿಗೆ ತೋಳು ಮುಚ್ಚುವ ಅಂಗಿಯೇ ಸರಿ. ಆದರೆ ಹುಟ್ಟಿನಿಂದಲೇ ಚರ್ಮದಲ್ಲಿ ಬಣ್ಣವಿಲ್ಲದವರು, ಕಿಡ್ನಿ ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರು ಕ್ರೀಮು ಮತ್ತು ಬಟ್ಟೆ ಎರಡನ್ನೂ ಬಿಡಬಾರದು. ಇವರಿಗೆ ಅಪಾಯ ನಿಜಕ್ಕೂ ಹೆಚ್ಚು.

ಮೂರನೆಯದು, ಮುಖ್ಯವಾದದ್ದು: ತಿಂಗಳಿಗೊಮ್ಮೆ ಮೈ ನೋಡಿಕೊಳ್ಳಿ

ಕಪ್ಪು ಚರ್ಮದವರಲ್ಲಿ ಮೆಲನೋಮಾ ಎಂಬ ಉಗ್ರ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲು, ಅಂಗೈ ಮತ್ತು ಉಗುರಿನ ಕೆಳಗೆ. ಇದಕ್ಕೂ ಬಿಸಿಲಿಗೂ ಹೇಳಿಕೊಳ್ಳುವಂಥ ನಂಟಿಲ್ಲ. ಸ್ನಾನವಾದ ಮೇಲೆ ಬೆಳಕಿರುವ ಕಡೆ ಕಟ್ಟೆಯ ಮೇಲೆ ಕುಳಿತು ಪಾದ ಮಗುಚಿ ನೋಡಿ, ಬೆರಳುಗಳ ಸಂದು ಬಿಡಿಸಿ. ಬಗ್ಗಲಾಗದ ಹಿರಿಯರಿಗೆ ಮನೆಯವರೇ ಮೊಬೈಲ್‌ನಲ್ಲಿ ಫೋಟೊ ತೆಗೆಯಲಿ. ಅಂಚು ಅಂಕುಡೊಂಕಾದ, ಬಣ್ಣ ಒಂದೇ ತೆರನಾಗಿಲ್ಲದ, ಬೆಳೆಯುತ್ತಿರುವ ಮಚ್ಚೆಯನ್ನು ವೈದ್ಯರಿಗೆ ತೋರಿಸಬೇಕು.

ಉಗುರಿನ ಕಪ್ಪು ಹೆಚ್ಚು ಗೊಂದಲ ಹುಟ್ಟಿಸುತ್ತದೆ. ಸಲಿಕೆ ಬಡಿದು ರಕ್ತ ಹೆಪ್ಪುಗಟ್ಟಿದ್ದರೆ ಆ ಕಲೆ ಉಗುರಿನ ಜೊತೆಗೇ ಮುಂದಕ್ಕೆ ಸರಿಯುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುವುದರಿಂದ, ಎರಡು ತಿಂಗಳಲ್ಲಿ ಬುಡದ ಕಡೆ ಹೊಸ ಬಿಳಿ ಉಗುರು ಕಾಣಬೇಕು. ಕಲೆ ಸರಿಯದೆ ಅಗಲವಾಗುತ್ತಿದ್ದರೆ, ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹಬ್ಬಿದರೆ ತಡ ಮಾಡಬೇಡಿ. ಹಲವು ಉಗುರುಗಳಲ್ಲಿ ತೆಳ್ಳನೆಯ ಕಂದು ಗೆರೆಗಳಿರುವುದು ನಮ್ಮ ಬಣ್ಣದವರಲ್ಲಿ ಸಾಮಾನ್ಯ.

ಹಳೆಯ ಸುಟ್ಟ ಕಲೆಗಳನ್ನೂ ಮುಟ್ಟಿ ನೋಡಿ. ಚಿಕ್ಕಂದಿನಲ್ಲಿ ಒಲೆಯ ಮುಂದೆಯೋ ಬೆಲ್ಲದ ಕೊಪ್ಪರಿಗೆಯ ಬಳಿಯೋ ಸುಟ್ಟುಕೊಂಡ ಜಾಗದಲ್ಲಿ ದಶಕಗಳ ನಂತರ ಹುಣ್ಣು ಎದ್ದು ಕ್ಯಾನ್ಸರಾಗುವುದುಂಟು. ಸೊಂಟವೂ ಹಾಗೆಯೇ. ಧೋತಿ ಕಟ್ಟುವ ಗಂಡಸರಲ್ಲಿ, ಸೀರೆ ಉಡುವ ಹೆಂಗಸರಲ್ಲಿ ಬಿಗಿತದ ಜಾಗದಲ್ಲಿ ಬರುವ ಇಂಥ ಕ್ಯಾನ್ಸರನ್ನು ಭಾರತದ ವೈದ್ಯರು ದಾಖಲಿಸಿದ್ದಾರೆ. ಅಪರೂಪವೇನೋ ಸರಿ. ಇಳಕಲ್ ಸೀರೆಯನ್ನು ದೂರಬೇಡಿ, ತಪ್ಪು ಹೆಚ್ಚಾಗಿ ಒಳಲಂಗದ ಲಾಡಿಯದು. ಒಂದೇ ಗೆರೆಯಲ್ಲಿ ವರ್ಷಗಟ್ಟಲೆ ಬಿಗಿದರೆ ಚರ್ಮ ಉಜ್ಜಿ ಗಾಯವಾಗುತ್ತದೆ. ಅಗಲ ಪಟ್ಟಿ ಹಾಕಿ, ಸಡಿಲ ಕಟ್ಟಿ.

ಮೂಗು, ಕಣ್ಣಿನ ಸುತ್ತ ಮತ್ತು ಕೆಳತುಟಿಯ ಕ್ಯಾನ್ಸರ್ ಗಂಟುಗಳಿಗೆ ಮಾತ್ರ ಬಿಸಿಲಿನ ಪಾಲು ದೊಡ್ಡದು. ಮೂಗಿನ ಮೇಲಿನ ಹೊಳಪಿನ ಗಂಟು ನಮ್ಮಲ್ಲಿ ಕಪ್ಪಗಿರುವುದರಿಂದ ಮಚ್ಚೆ ಎಂದುಕೊಂಡು ಸುಮ್ಮನಿದ್ದುಬಿಡುತ್ತಾರೆ.

ಕೊನೆಯದು: ಯಾವಾಗ, ಎಲ್ಲಿಗೆ?

ನಾಲ್ಕು ವಾರವಾದರೂ ಮಾಯದ ಗಾಯ, ತಾನಾಗಿ ರಕ್ತ ಸೋರುವ ಗಂಟು ಇದ್ದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ವೈದ್ಯರಲ್ಲಿಗೆ ಹೋಗಿ. ಸುಣ್ಣ, ಸೋಡಾ ಹಚ್ಚಿ ಸುಡಬೇಡಿ. ಚಿಹ್ನೆ ಅಳಿಸಿಹೋಗುತ್ತದೆ, ರೋಗ ಒಳಗೇ ಉಳಿಯುತ್ತದೆ. ವೈದ್ಯರು ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳುಹಿಸಬಹುದು. ಅದರಿಂದ ಕ್ಯಾನ್ಸರ್ ಹರಡುತ್ತದೆ ಎಂಬುದು ಸುಳ್ಳು. ರೋಗ ಖಚಿತವಾದರೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ, ಬೆಂಗಳೂರಿನ ಕಿದ್ವಾಯಿ ದೂರ. ಹೋಗುವಾಗ ದಿನಾಂಕವಿರುವ ಫೋಟೊಗಳನ್ನೂ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ.