ಖಾರದ ಪುಡಿ ಘಟಕಕ್ಕೆ ಸರ್ಕಾರದ ನೆರವು: ಯೋಜನಾ ವರದಿಯನ್ನು ನೀವೇ ಬರೆಯುವುದು ಹೇಗೆ?

ಜನವರಿ ಕಳೆಯುತ್ತಿದ್ದಂತೆ ರಾಯಚೂರು, ಬಳ್ಳಾರಿ ಜಿಲ್ಲೆಗಳ ಕಣಗಳಲ್ಲಿ ಒಣಗಿದ ಮೆಣಸಿನಕಾಯಿ ಚೀಲ ತುಂಬಿ, ಲಾರಿ ಏರಿ, ಬ್ಯಾಡಗಿಗೆ ಹೋಗುತ್ತದೆ. ಕೆಲವು ತಿಂಗಳ ಬಳಿಕ ಅದೇ ಕಾಯಿ ಪುಡಿಯಾಗಿ, ಬಣ್ಣದ ಪೊಟ್ಟಣದಲ್ಲಿ ಕುಳಿತು, ಸಿಂಧನೂರು ಮತ್ತು ಮಾನ್ವಿಯ ಅಂಗಡಿಗಳಿಗೆ ಮರಳಿ ಬರುತ್ತದೆ. ಈ ನಡುವಿನ ಲಾಭ ಬೆಳೆದ ಊರಿನಲ್ಲೇ ಉಳಿಯಲಿ ಎಂಬುದಕ್ಕಾಗಿಯೇ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಸಾಲದೊಡನೆ ಸಹಾಯಧನ ಕೊಡುವ ಯೋಜನೆಗಳನ್ನು ನಡೆಸುತ್ತಿವೆ. ಬ್ಯಾಂಕಿನಿಂದ ತಿರಸ್ಕೃತವಾದ ಅರ್ಜಿಗಳನ್ನು ಪರಿಚಿತರು ನನ್ನ ಬಳಿ ತಂದಾಗ ನಾನು ಕಂಡದ್ದು ಒಂದೇ ಬಗೆಯ ತಪ್ಪು: ಕಾಗದಪತ್ರಗಳೆಲ್ಲ ಸರಿಯಾಗಿರುತ್ತವೆ, ಯೋಜನಾ ವರದಿ ಮಾತ್ರ ಬೇರೆ ಯಾರದೋ ಆಗಿರುತ್ತದೆ. ಸೈಬರ್ ಸೆಂಟರಿನಲ್ಲಿ ಹಣ ಕೊಟ್ಟು ಮಾಡಿಸಿದ ಒಂದು ಖಾರದ ಪುಡಿ ವರದಿಯಲ್ಲಿ ಕಚ್ಚಾವಸ್ತುವಿನ ಸಾಲಿನಲ್ಲಿ ಶೇಂಗಾ ಎಂದಿತ್ತು. ಎಣ್ಣೆ ಗಾಣದ ವರದಿಯಲ್ಲಿ ಹೆಸರು ಮಾತ್ರ ಬದಲಿಸಿದ್ದರು. ಅರ್ಜಿದಾರನಿಗೆ ಅದು ತಿಳಿದದ್ದು ಬ್ಯಾಂಕಿನ ಫೀಲ್ಡ್ ಆಫೀಸರ್ ಓದಿ ಹೇಳಿದಾಗ.

ಆದ್ದರಿಂದ ಈ ಲೇಖನದಲ್ಲಿ ಸುಲಭದ ಹೆಜ್ಜೆಗಳನ್ನು ಬೇಗ ದಾಟಿ, ವರದಿಯ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲ ಹೆಜ್ಜೆ: ಯಾವ ಯೋಜನೆ ಎಂಬುದನ್ನು ತೀರ್ಮಾನಿಸಿ

ಎರಡು ಯೋಜನೆಗಳು ನಿಮ್ಮ ಮುಂದಿವೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ, 2008ರಿಂದ ನಡೆದುಬಂದಿದೆ. ತಯಾರಿಕಾ ಘಟಕವಾದರೆ 50 ಲಕ್ಷ ರೂಪಾಯಿವರೆಗಿನ ಯೋಜನಾ ವೆಚ್ಚಕ್ಕೆ ಇದು ಅನ್ವಯಿಸುತ್ತದೆ. ಹಳ್ಳಿಯಲ್ಲಿ ಘಟಕ ಹಾಕುವ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಮೊದಲಾದ ವಿಶೇಷ ವರ್ಗದವರಿಗೆ ಶೇ 35 ಸಹಾಯಧನ ದೊರೆಯುತ್ತದೆ. ರಾಯಚೂರಿನವರು ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ, ಅಂದರೆ ಅಭಿವೃದ್ಧಿಯಲ್ಲಿ ಹಿಂದುಳಿದ ಜಿಲ್ಲೆಗಳ ಪಟ್ಟಿಯಲ್ಲಿ, ಕರ್ನಾಟಕದಿಂದ ಇರುವುದು ರಾಯಚೂರು ಮತ್ತು ಯಾದಗಿರಿ ಮಾತ್ರ, ಮತ್ತು ಅಂಥ ಜಿಲ್ಲೆಯ ಅರ್ಜಿದಾರರು ಯಾವ ಜಾತಿಯವರಾದರೂ ವಿಶೇಷ ವರ್ಗಕ್ಕೇ ಸೇರುತ್ತಾರೆ. ಇದನ್ನು ತಿಳಿಯದೆ ‘ಸಾಮಾನ್ಯ’ ಎಂದು ಭರ್ತಿ ಮಾಡಿದರೆ ಹತ್ತು ಲಕ್ಷದ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿ ಕೈಬಿಟ್ಟು ಹೋಗುತ್ತದೆ. ಬಳ್ಳಾರಿ ಮತ್ತು ಕೊಪ್ಪಳದವರಿಗೆ ಈ ಅನುಕೂಲವಿಲ್ಲ.

ಎರಡನೆಯದು ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಬಂದ ಪಿಎಂಎಫ್‌ಎಂಇ. ಕೇಂದ್ರದ ಶೇ 35ರ ಜೊತೆಗೆ ರಾಜ್ಯ ಸರ್ಕಾರ ಶೇ 15 ಸೇರಿಸುವುದರಿಂದ ಕರ್ನಾಟಕದಲ್ಲಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಇದನ್ನು ರಾಜ್ಯ ಸರ್ಕಾರದ ಕಪೆಕ್ ಸಂಸ್ಥೆ ನಡೆಸುತ್ತದೆ. ಪ್ರತಿ ಜಿಲ್ಲೆಗೆ ಒಂದು ಉತ್ಪನ್ನವನ್ನು ಗುರುತಿಸುವ ಇದರ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ರಾಯಚೂರಿಗೆ ಮೆಣಸಿನಕಾಯಿ, ಕೊಪ್ಪಳಕ್ಕೆ ಪೇರಲ, ಬಳ್ಳಾರಿಗೆ ಅಂಜೂರ ಸಿಕ್ಕಿವೆ. ಪಿಎಂಇಜಿಪಿಯ ಮೊದಲ ಸಾಲ ಹೊಸ ಘಟಕಗಳಿಗೆ ಮಾತ್ರ ಇದ್ದರೆ, ಇಲ್ಲಿ ಈಗಾಗಲೇ ನಡೆಯುತ್ತಿರುವ ಗಿರಣಿಯವರೂ ಅರ್ಜಿ ಹಾಕಬಹುದು.

ಶೇ 50 ಎಂದು ಕೇಳಿದೊಡನೆ ಎಲ್ಲರೂ ಎರಡನೆಯದರ ಕಡೆ ಓಡುತ್ತಾರೆ. ಓಡುವ ಮುನ್ನ ಲೆಕ್ಕ ಹಾಕಿ. ಪಿಎಂಎಫ್‌ಎಂಇ ಸಹಾಯಧನ ಯಂತ್ರಗಳಿಗೆ ಮತ್ತು ಶೇ 30ರ ಮಿತಿಯೊಳಗೆ ಕಟ್ಟಡದ ಕೆಲಸಕ್ಕೆ ಮಾತ್ರ. ಕಾಯಿ ಕೊಳ್ಳಲು ಬೇಕಾಗುವ ದುಡಿಯುವ ಬಂಡವಾಳಕ್ಕೆ ಅದು ಅನ್ವಯಿಸುವುದಿಲ್ಲ. ಪಿಎಂಇಜಿಪಿಯಲ್ಲಿ ದುಡಿಯುವ ಬಂಡವಾಳವೂ ಯೋಜನಾ ವೆಚ್ಚದೊಳಗೆ ಸೇರುತ್ತದೆ. ತಯಾರಿಕಾ ಘಟಕದಲ್ಲಿ ಅದು ಒಟ್ಟು ವೆಚ್ಚದ ಶೇ 40 ಮೀರಬಾರದು, ಅಷ್ಟೆ. ಹತ್ತು ಲಕ್ಷದ ಯೋಜನೆಯೊಂದರಲ್ಲಿ ಯಂತ್ರಕ್ಕೆ 4.2 ಲಕ್ಷ, ಶೆಡ್ಡಿಗೆ 1.8 ಲಕ್ಷ, ದುಡಿಯುವ ಬಂಡವಾಳಕ್ಕೆ 4 ಲಕ್ಷ ಎಂದಿಟ್ಟುಕೊಳ್ಳಿ. ಪಿಎಂಎಫ್‌ಎಂಇಯಲ್ಲಿ ಆರು ಲಕ್ಷದ ಅರ್ಧ, ಅಂದರೆ 3 ಲಕ್ಷ ಸಿಗುತ್ತದೆ. ಪಿಎಂಇಜಿಪಿಯಲ್ಲಿ ರಾಯಚೂರಿನ ಹಳ್ಳಿಯೊಂದಕ್ಕೆ 3.5 ಲಕ್ಷ. ಕೈಯಿಂದ ಹಾಕುವ ಹಣವೂ ಪಿಎಂಎಫ್‌ಎಂಇಯಲ್ಲಿ ಶೇ 10, ಪಿಎಂಇಜಿಪಿಯ ವಿಶೇಷ ವರ್ಗಕ್ಕೆ ಶೇ 5. ಶೇ 35 ಸಿಗುವವರ, ಕಾಯಿಗೇ ಹೆಚ್ಚು ಹಣ ಹೋಗುವ ಹೊಸ ಖಾರದ ಪುಡಿ ಘಟಕಕ್ಕೆ ಪಿಎಂಇಜಿಪಿಯೇ ಸರಿ ಎಂಬುದು ನನ್ನ ಖಚಿತ ಸಲಹೆ. ಯಂತ್ರಕ್ಕೇ ಒಂಬತ್ತು ಲಕ್ಷ ಹೋಗುವ ಘಟಕವಾದರೆ ಲೆಕ್ಕ ತಿರುವುಮುರುವಾಗುತ್ತದೆ.

ಎರಡನೆಯ ಹೆಜ್ಜೆ: ಜಾಗ, ವಿದ್ಯುತ್, ನೋಂದಣಿ

ಜಾಗ ಸ್ವಂತದ್ದಾದರೆ ಅದರ ದಾಖಲೆ, ಬಾಡಿಗೆಯದಾದರೆ ಕರಾರುಪತ್ರ ಇರಲಿ. ಜಾಗದ ಬೆಲೆಯನ್ನು ಯೋಜನಾ ವೆಚ್ಚದಲ್ಲಿ ಸೇರಿಸುವಂತಿಲ್ಲ. ಹೊಲದಲ್ಲಿ ಶೆಡ್ ಹಾಕುವವರು ಭೂಪರಿವರ್ತನೆಯ ಕುರಿತು ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು. ಪಂಪ್‌ಸೆಟ್ಟಿನ ಲೈನಿನಿಂದ ಯಂತ್ರ ನಡೆಸಬಹುದೆಂಬ ಎಣಿಕೆಯನ್ನು ಬಿಟ್ಟುಬಿಡಿ. ಅದು ನಿಯಮಬಾಹಿರ, ಜೊತೆಗೆ ಆ ಲೈನಿನಲ್ಲಿ ದಿನವಿಡೀ ತ್ರೀ ಫೇಸ್ ಇರುವುದಿಲ್ಲ. ಜೆಸ್ಕಾಂನಿಂದ ಕೈಗಾರಿಕಾ ಸಂಪರ್ಕವನ್ನೇ ಪಡೆಯಿರಿ.

ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ. ಹುಡುಕಿದಾಗ ಮೊದಲಿಗೆ ಕಾಣುವ, ಸರ್ಕಾರಿ ಜಾಲತಾಣದಂತೆಯೇ ತೋರುವ ಕೆಲವು ಖಾಸಗಿ ತಾಣಗಳು ಇದಕ್ಕೆ ಸಾವಿರಾರು ರೂಪಾಯಿ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರದ ಗುರುತು (gov.in) ಇದೆಯೇ ಎಂದು ನೋಡದೆ ಆಧಾರ್ ಸಂಖ್ಯೆಯನ್ನು ಯಾವ ತಾಣಕ್ಕೂ ಕೊಡಬೇಡಿ.

ಮೂರನೆಯ ಹೆಜ್ಜೆ: ಸಾಲದ ಇತಿಹಾಸ ನೋಡಿಕೊಳ್ಳಿ

ವರ್ಷಕ್ಕೊಮ್ಮೆ ಸಿಬಿಲ್ ವರದಿ ಉಚಿತವಾಗಿ ಸಿಗುತ್ತದೆ. ಮರೆತುಹೋದ ಬೆಳೆ ಸಾಲ, ತಮ್ಮನ ಟ್ರ್ಯಾಕ್ಟರಿಗೆ ಹಾಕಿದ ಜಾಮೀನು, ಇವೆಲ್ಲ ಅಲ್ಲಿ ಕಾಣುತ್ತವೆ. ತೀರಿಸಿದ ಸಾಲವಾದರೆ ಬೇಬಾಕಿ ಪತ್ರ ತಂದು ಸರಿಪಡಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ ಇಡಿ.

ನಾಲ್ಕನೆಯ ಹೆಜ್ಜೆ: ಯೋಜನಾ ವರದಿ

ಎಲ್ಲರೂ ಎಡವುವುದು ಇಲ್ಲಿಯೇ. ಯಾವುದೇ ನಮೂನೆಯನ್ನು ಮುಂದಿಟ್ಟುಕೊಳ್ಳುವ ಮುನ್ನ ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ತಿರುಗಾಡಿ. ನಿಮ್ಮ ಊರು ಮತ್ತು ಸುತ್ತಲಿನ ಸಂತೆಗಳಲ್ಲಿ ಎಷ್ಟು ಕಿರಾಣಿ ಅಂಗಡಿಗಳಿವೆ, ಒಬ್ಬ ಅಂಗಡಿಯವರು ವಾರಕ್ಕೆ ಎಷ್ಟು ಕೆ.ಜಿ. ಖಾರದ ಪುಡಿ ಮಾರುತ್ತಾರೆ, ಎಷ್ಟು ದಿನ ಉದ್ರಿ ಕೇಳುತ್ತಾರೆ, ಖಾನಾವಳಿಯವರು ಪುಡಿ ಕೊಳ್ಳುತ್ತಾರೋ ಕಾಯಿ ಕೊಂಡು ಬೀಸಿಸುತ್ತಾರೋ ಎಂದು ಕೇಳಿ ಬರೆದುಕೊಳ್ಳಿ. ವರದಿಯ ‘ಮಾರುಕಟ್ಟೆ’ ಎಂಬ ಭಾಗಕ್ಕೆ ಬೇಕಾಗಿರುವುದು ಇದೇ. ದೇಶದ ಮಸಾಲೆ ರಫ್ತಿನ ಅಂಕಿಅಂಶಗಳಿಂದ ಎರಡು ಪುಟ ತುಂಬಿಸಿದರೆ ಬ್ಯಾಂಕಿನವರು ಅದನ್ನು ಓದುವುದಿಲ್ಲ. ‘ಮಸ್ಕಿ ಸಂತೆಯ ಹನ್ನೆರಡು ಅಂಗಡಿಗಳನ್ನು ಕೇಳಿದ್ದೇನೆ’ ಎಂಬ ಸಾಲನ್ನು ಓದುತ್ತಾರೆ.

ಮುಂದೆ ಉತ್ಪಾದನೆಯ ಲೆಕ್ಕ. ಯಂತ್ರ ಗಂಟೆಗೆ ಎಷ್ಟು ಬೀಸುತ್ತದೆ ಎಂಬುದರಿಂದ ಲೆಕ್ಕ ಆರಂಭಿಸುವುದು ದೊಡ್ಡ ತಪ್ಪು. ನೀವು ಎಷ್ಟು ಮಾರಬಲ್ಲಿರಿ ಎಂಬುದರಿಂದ ಆರಂಭಿಸಿ. ಮೊದಲ ವರ್ಷ ದಿನಕ್ಕೆ 20 ಕೆ.ಜಿ. ಪುಡಿ, ತಿಂಗಳಿಗೆ 25 ದಿನ, ಒಟ್ಟು 500 ಕೆ.ಜಿ. ಎಂದಿಟ್ಟುಕೊಳ್ಳೋಣ. ತೊಟ್ಟು, ಕಸ, ಬೀಸುವಾಗಿನ ನಷ್ಟ ಎಲ್ಲ ಸೇರಿ ಶೇ 10 ಹೋದರೆ ತಿಂಗಳಿಗೆ ಸುಮಾರು 556 ಕೆ.ಜಿ. ಒಣ ಕಾಯಿ ಬೇಕು. ಕಾಯಿಯ ದರ ಕೆ.ಜಿ.ಗೆ 150 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 83,400 ರೂಪಾಯಿ. ಈ ದರಗಳು ಲೆಕ್ಕ ತೋರಿಸಲು ಮಾತ್ರ. ನೀವು ನಿಮ್ಮ ಎಪಿಎಂಸಿಯ ಹಿಂದಿನ ಎರಡು ಮೂರು ಹಂಗಾಮಿನ ದರಗಳನ್ನು ಪಡೆದು, ಅವುಗಳಲ್ಲಿ ಹೆಚ್ಚಿನದನ್ನೇ ಹಿಡಿಯಿರಿ. ಮೆಣಸಿನಕಾಯಿಯಷ್ಟು ಏರಿಳಿಯುವ ಬೆಲೆ ನಮ್ಮ ಭಾಗದ ಇತರ ಬೆಳೆಗಳಿಗೆ ಅಪರೂಪ.

ನಕಲು ವರದಿಗಳು ‘ಒಂದು ತಿಂಗಳ ಕಚ್ಚಾವಸ್ತು’ ಎಂದು ಬರೆದು ಅಲ್ಲಿಗೇ ಮುಗಿಸುತ್ತವೆ. ಬೇಕರಿಗೆ, ಹೊಲಿಗೆ ಘಟಕಕ್ಕೆ ಅದು ಸಾಕಾಗಬಹುದು. ಆದರೆ ಮೆಣಸಿನಕಾಯಿ ಕಣದಿಂದ ಬರುವುದು ವರ್ಷದಲ್ಲಿ ಕೆಲವೇ ತಿಂಗಳು. ಆಗ ಕೊಳ್ಳದಿದ್ದರೆ ಮಳೆಗಾಲದಲ್ಲಿ ಶೈತ್ಯಾಗಾರದ ಬಾಡಿಗೆಯೂ ವ್ಯಾಪಾರಿಯ ಲಾಭವೂ ಸೇರಿದ ಬೆಲೆ ಕೊಡಬೇಕಾಗುತ್ತದೆ. ಯಂತ್ರ ತಂದು, ಪೂಜೆ ಮಾಡಿ, ನಾಲ್ಕೇ ತಿಂಗಳಲ್ಲಿ ಕಾಯಿಗೆ ಹಣವಿಲ್ಲದೆ ಬೀಗ ಹಾಕಿದ ಘಟಕಗಳನ್ನು ನಾನು ನೋಡಿದ್ದೇನೆ. ಅವರು ಕೆಲಸಕ್ಕೆ ಹಿಂಜರಿದವರಲ್ಲ. ಕಂತು ಕಟ್ಟಲಾಗದೆ ಮನೆಯವರ ಒಡವೆ ಒತ್ತೆಯಿಟ್ಟವರು. ಅವರ ವರದಿಯಲ್ಲಿ ಈ ಒಂದು ಸಾಲು ಸರಿಯಿದ್ದಿದ್ದರೆ ಆ ಬೀಗ ಬೀಳುತ್ತಿರಲಿಲ್ಲ.

ಹಾಗಾಗಿ ಹೀಗೆ ಬರೆಯಿರಿ: ಮೂರು ತಿಂಗಳ ಕಾಯಿ ಸಂಗ್ರಹಕ್ಕೆ 2.5 ಲಕ್ಷ, ಪುಡಿಯನ್ನು ಕೆ.ಜಿ.ಗೆ 260 ರೂಪಾಯಿಯಂತೆ ಅಂಗಡಿಗೆ ಕೊಟ್ಟು ಒಂದು ತಿಂಗಳ ಉದ್ರಿ ಬಿಟ್ಟರೆ ಹೊರಗೆ ನಿಲ್ಲುವ 1.3 ಲಕ್ಷ, ಒಂದು ತಿಂಗಳ ಕೂಲಿ ಮತ್ತು ವಿದ್ಯುತ್ತಿಗೆ 20 ಸಾವಿರ. ಒಟ್ಟು 4 ಲಕ್ಷ. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಬಂದ ಬಗೆಯನ್ನು ಒಂದು ಸಾಲಿನಲ್ಲಿ ವಿವರಿಸಿ. ಮೂರು ತಿಂಗಳಿಗಿಂತ ಹೆಚ್ಚಿನ ಸಂಗ್ರಹ ಬೇಕೆನಿಸಿದರೆ ಗೋದಾಮಿನ ರಸೀದಿಯ ಮೇಲೆ ಬೇರೆ ಸಾಲ ಪಡೆಯುವ ದಾರಿಯಿದೆ. ಮೊದಲ ವರ್ಷ ಅದಕ್ಕೆ ಕೈಹಾಕಬೇಡಿ.

ಅಗತ್ಯಕ್ಕಿಂತ ಹೆಚ್ಚು ಕೇಳುವುದೂ ಅಪಾಯವೇ. ದುಡಿಯುವ ಬಂಡವಾಳವನ್ನು ಬ್ಯಾಂಕ್ ಸಿಸಿ ಖಾತೆಯಾಗಿ, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಮರಳಿ ಕಟ್ಟುವ ಕ್ಯಾಶ್ ಕ್ರೆಡಿಟ್ ಖಾತೆಯಾಗಿ ಕೊಡುತ್ತದೆ. ಪಿಎಂಇಜಿಪಿ ಸಹಾಯಧನ ಬ್ಯಾಂಕಿನಲ್ಲಿ ಠೇವಣಿಯಾಗಿರುವ ಮೂರು ವರ್ಷದ ಅವಧಿಯಲ್ಲಿ ಒಮ್ಮೆಯಾದರೂ ಆ ಮಿತಿಯನ್ನು ಪೂರ್ತಿ ಬಳಸಿರಬೇಕು, ಬಳಕೆ ಶೇ 75ಕ್ಕಿಂತ ಕಡಿಮೆಯಾಗಬಾರದು; ಇಲ್ಲವಾದರೆ ಅಷ್ಟು ಪಾಲಿನ ಸಹಾಯಧನ ಹಿಂದಕ್ಕೆ ಹೋಗುತ್ತದೆ. ಸಹಾಯಧನ ಹೆಚ್ಚಲಿ ಎಂದು ಅಂಕಿ ಉಬ್ಬಿಸಿದವರಿಗೆ ಮೂರನೆಯ ವರ್ಷ ಇದು ಅರಿವಾಗುತ್ತದೆ.

ಯಂತ್ರದ ಕೊಟೇಶನ್ ಜಿಎಸ್‌ಟಿ ಸಂಖ್ಯೆ ಇರುವ ಮಾರಾಟಗಾರರಿಂದಲೇ ಇರಲಿ. ಸಾಗಣೆ ಮತ್ತು ಅಳವಡಿಕೆಯ ಖರ್ಚು ಅದರಲ್ಲಿ ಬೇರೆಯಾಗಿ ನಮೂದಾಗಿರಲಿ. ಆಹಾರಕ್ಕೆ ತಾಗುವ ಭಾಗಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು, ಕಬ್ಬಿಣದ ಚೂರು ಹಿಡಿಯುವ ಅಯಸ್ಕಾಂತ ಇರಲೇಬೇಕು. ಮೃದು ಉಕ್ಕಿನ ಸುತ್ತಿಗೆಯ ಅಗ್ಗದ ಯಂತ್ರಗಳು ಬೇಗ ಸವೆಯುತ್ತವೆ, ಆ ಸವಕಳಿ ಪುಡಿಗೇ ಸೇರುತ್ತದೆ. ಅತಿ ವೇಗದ ಯಂತ್ರ ಬಿಸಿಯೇರಿ ಪುಡಿಯ ಬಣ್ಣವನ್ನೂ ಘಮವನ್ನೂ ಕೆಡಿಸುತ್ತದೆ. ನನ್ನನ್ನು ಕೇಳಿದರೆ ನಿಧಾನವಾದರೂ ಕುಟ್ಟುವ ಯಂತ್ರವನ್ನೇ ಕೊಳ್ಳಿ. ಬ್ಯಾಡಗಿ ತಳಿಯ ಬೆಲೆಯಿರುವುದೇ ಅದರ ಬಣ್ಣದಲ್ಲಿ. ಸಾಲ ಮಂಜೂರಾಗುವ ಮುನ್ನ ಯಂತ್ರಕ್ಕೆ ಮುಂಗಡ ಕೊಡಬೇಡಿ. ಆರಂಭವಾಗಿಬಿಟ್ಟ ಘಟಕ ಹೊಸ ಘಟಕವಲ್ಲ ಎಂದು ಅರ್ಜಿ ಬಿದ್ದುಹೋಗಬಹುದು.

ಕೊನೆಗೆ ಬ್ಯಾಂಕಿನವರು ಮೊದಲು ತೆರೆದು ನೋಡುವ ಪುಟ: ಎಲ್ಲ ಖರ್ಚು ಕಳೆದು ಉಳಿಯುವ ಹಣ ಆ ವರ್ಷದ ಕಂತು ಮತ್ತು ಬಡ್ಡಿಯ ಎಷ್ಟು ಪಟ್ಟು ಎಂಬ ಲೆಕ್ಕ. ಇದನ್ನು ಡಿಎಸ್‌ಸಿಆರ್ ಎನ್ನುತ್ತಾರೆ. ಇದು ಒಂದೂವರೆಗಿಂತ ಮೇಲಿರಲಿ, ಆದರೆ ಐದು ಆರು ಪಟ್ಟು ಎಂದು ತೋರಿಸಬೇಡಿ. ಅಂಥ ವರದಿಯನ್ನು ಯಾರೂ ನಂಬುವುದಿಲ್ಲ. ಮನೆಯವರ ದುಡಿಮೆಗೂ ಕೂಲಿ ಹಿಡಿಯಿರಿ. ಹೆಂಡತಿ, ತಾಯಿ ತೊಟ್ಟು ತೆಗೆಯುವ ಕೆಲಸವನ್ನು ಪುಕ್ಕಟೆ ಎಂದು ಬರೆದ ಲೆಕ್ಕ ಸುಳ್ಳು ಲೆಕ್ಕ.

ಐದನೆಯ ಹೆಜ್ಜೆ: ಅರ್ಜಿ ಮತ್ತು ಬ್ಯಾಂಕ್

ಪಿಎಂಇಜಿಪಿ ಅರ್ಜಿಯನ್ನು ಖಾದಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹಾಕಬಹುದು. ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಅನುಷ್ಠಾನ ಸಂಸ್ಥೆಯಾಗಿ ಆರಿಸಿಕೊಳ್ಳಿ. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಮಾರ್ಗಸೂಚಿಯ ಪ್ರತಿಯನ್ನು ಅಲ್ಲಿಯೇ ಕೇಳಿ ಪಡೆಯಿರಿ. ಹತ್ತು ಲಕ್ಷ ಮೀರಿದ ತಯಾರಿಕಾ ಯೋಜನೆಗೆ ಎಂಟನೆಯ ತರಗತಿ ತೇರ್ಗಡೆಯ ಪ್ರಮಾಣಪತ್ರ ಬೇಕು. ಪಿಎಂಎಫ್‌ಎಂಇಗೆ ಹೋಗುವವರಿಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ವರದಿ ಮಾಡಲು ನೆರವಾಗುತ್ತಾರೆ. ಅವರಿಗೆ ಸಂಭಾವನೆ ಕೊಡುವುದು ಸರ್ಕಾರವೇ ಹೊರತು ಅರ್ಜಿದಾರರಲ್ಲ. ‘ಸಬ್ಸಿಡಿಯಲ್ಲಿ ಇಷ್ಟು ಪಾಲು ಕೊಡಿ, ನಾನು ಮಾಡಿಸುತ್ತೇನೆ’ ಎನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬ್ಯಾಂಕಿನಲ್ಲಿ ಉತ್ತರ ಹೇಳಬೇಕಾದವರು ನೀವು, ಅವರಲ್ಲ.

ಮೊದಲೇ ಖಾತೆಯಿರುವ, ನಿಮ್ಮ ಊರು ವ್ಯಾಪ್ತಿಗೆ ಬರುವ ಶಾಖೆಯನ್ನೇ ಆರಿಸಿ, ಅರ್ಜಿ ಹಾಕುವ ಮುನ್ನವೇ ವರದಿಯನ್ನು ಅಲ್ಲಿ ತೋರಿಸಿ. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳ ಹತ್ತು ಲಕ್ಷದವರೆಗಿನ ಸಾಲಕ್ಕಂತೂ ಬ್ಯಾಂಕುಗಳು ಅಡಮಾನ ಕೇಳಬಾರದು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಕೇಳಿದರೆ ವಿನಯದಿಂದ ಅದನ್ನು ನೆನಪಿಸಿ. ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ ಎಂಬುದೂ ತಿಳಿದಿರಲಿ. ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ, ಘಟಕ ನಡೆಯುತ್ತಿದ್ದರೆ ಅವಧಿಯ ಕೊನೆಗೆ ಸಾಲಕ್ಕೆ ಜಮೆಯಾಗುತ್ತದೆ.

ದಾಲ್ ಮಿಲ್, ಹತ್ತಿ ಜಿನ್ನಿಂಗ್‌ನಂಥ ದೊಡ್ಡ ಯೋಜನೆಯವರಿಗೆ ದಾರಿ ಬೇರೆ. 15 ಕೋಟಿ ರೂಪಾಯಿವರೆಗಿನ ಹೂಡಿಕೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯ ಒಪ್ಪಿಗೆ ಬೇಕು, ಮತ್ತು 2025–30ರ ರಾಜ್ಯ ಕೈಗಾರಿಕಾ ನೀತಿಯ ರಿಯಾಯಿತಿಗಳಿಗೂ ಅರ್ಜಿ ಹೋಗುವುದು ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕವೇ.

ಆರನೆಯ ಹೆಜ್ಜೆ: ಕಾಲ

ಅರ್ಜಿಯನ್ನು ಆಗಸ್ಟ್ ತಿಂಗಳಿನಲ್ಲೇ ಹಾಕಿ. ಅರ್ಜಿ ಪರಿಶೀಲನೆ, ಉದ್ಯಮಶೀಲತಾ ತರಬೇತಿ, ಮಂಜೂರಾತಿ, ಜೆಸ್ಕಾಂ ಸಂಪರ್ಕ, ಯಂತ್ರದ ಅಳವಡಿಕೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇವೆಲ್ಲ ಮುಗಿಯಲು ತಿಂಗಳುಗಳೇ ಹಿಡಿಯುತ್ತವೆ. ಫೆಬ್ರುವರಿಯಲ್ಲಿ ಅರ್ಜಿ ಹಾಕಿದವರ ಕೈಗೆ ಹಣ ಬರುವ ಹೊತ್ತಿಗೆ ಕಣಗಳು ಖಾಲಿಯಾಗಿರುತ್ತವೆ. ಜನವರಿಯ ಮೊದಲ ವಾರ ಸಿಸಿ ಖಾತೆ ತೆರೆದಿರಬೇಕು, ಯಂತ್ರವನ್ನು ಒಮ್ಮೆ ಓಡಿಸಿ ನೋಡಿರಬೇಕು, ಗೋಣಿಚೀಲಗಳನ್ನು ಇಡಲು ತೇವವಿಲ್ಲದ, ನೆಲದಿಂದ ಎತ್ತರದ ಕಟ್ಟೆ ಸಿದ್ಧವಿರಬೇಕು. ಕಾಯಿಯನ್ನು ಪರಿಚಯದ ರೈತರಿಂದ ಕೊಂಡರೂ ತೂಕ, ದರ, ದಿನಾಂಕ ಬರೆದ ಚೀಟಿಗೆ ಸಹಿ ಹಾಕಿಸಿಕೊಂಡು, ಹಣವನ್ನು ಅವರ ಖಾತೆಗೇ ಜಮೆ ಮಾಡಿ. ಮೂರು ವರ್ಷದ ಬಳಿಕ ಘಟಕದ ಪರಿಶೀಲನೆಗೆ ಬಂದವರು ಮೊದಲು ಕೇಳುವುದು ಈ ಚೀಟಿಗಳನ್ನೇ.