ದಾನವಾಗಿ ಬಂದ ಚಿತ್ರ ಗೋಡೆಗೇರುವ ಮುನ್ನ

ನಗರದ ಕಲಾ ಸಂಗ್ರಹಾಲಯಕ್ಕೆ ಎಷ್ಟೋ ಚಿತ್ರಗಳು ಬರುವುದು ದಾನದ ದಾರಿಯಲ್ಲಿ. ಯಾರದೋ ಮನೆ ಖಾಲಿಯಾಗುತ್ತದೆ. ಅಟ್ಟದಲ್ಲಿದ್ದ ಎರಡು ತೈಲಚಿತ್ರ, ಒಂದಷ್ಟು ಜಲವರ್ಣ ಹಳೆ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬರುತ್ತವೆ. ಆಗ ಕೌಂಟರಿನಲ್ಲಿರುವವರು ಮೊದಲ ಅರ್ಧ ಗಂಟೆಯಲ್ಲಿ ಏನು ಬರೆದುಕೊಂಡರು ಎಂಬುದರ ಮೇಲೆ ಆ ಚಿತ್ರದ ಮುಂದಿನ ಗತಿಯೆಲ್ಲ ನಿಂತಿರುತ್ತದೆ. ಕಟ್ಟಡ ಎಷ್ಟೇ ಚೆಂದವಿರಲಿ, ರಿಜಿಸ್ಟರ್ ಕೆಟ್ಟಿದ್ದರೆ ಒಳಗಿರುವುದು ಗೋದಾಮು.

ಮೊದಲು ರಸೀದಿ. ಅದರಲ್ಲಿ ‘ಪರಿಶೀಲನೆಗಾಗಿ ಇಟ್ಟುಕೊಳ್ಳಲಾಗಿದೆ’ ಎಂದಷ್ಟೇ ಇರಲಿ. ‘ದಾನ ಸ್ವೀಕರಿಸಲಾಗಿದೆ’ ಎಂದು ಬರೆಯುವ ಅಧಿಕಾರ ಕೌಂಟರಿಗಿಲ್ಲ, ಅದು ಸಂಗ್ರಹ ಸಮಿತಿಯದು. ತಂದವರ ಹೆಸರು, ತಾರೀಖು, ಎಷ್ಟು ಚಿತ್ರ, ಬೇಡವೆಂದರೆ ಯಾವಾಗಿನೊಳಗೆ ವಾಪಸ್ ಒಯ್ಯಬೇಕು, ಇಷ್ಟೂ ಬೇಕು. ಗಡುವಿಗೆ 90 ದಿನ ಸಾಕು. ಗಡುವೇ ಬರೆಯದೆ ಇಟ್ಟುಕೊಂಡ ಚಿತ್ರ ಕೆಲವೇ ವರ್ಷದಲ್ಲಿ ಅನಾಥವಾಗುತ್ತದೆ: ಒಯ್ಯುವವರಿಲ್ಲ, ನಮ್ಮದು ಎನ್ನಲು ಕಾಗದವಿಲ್ಲ.

ಆಮೇಲೆ ಒಡೆತನದ ಪ್ರಶ್ನೆ. ಅಪ್ಪನ ಆಸ್ತಿಯಾಗಿದ್ದರೆ ಎಲ್ಲ ವಾರಸುದಾರರ ಸಹಿ ಬೇಕು, ತಂದುಕೊಟ್ಟ ಒಬ್ಬರದು ಸಾಲದು. 1933ರಿಂದ 1945ರ ನಡುವೆ ಯುರೋಪಿನಲ್ಲಿ ಕೈ ಬದಲಾದ ಕೃತಿಯಾಗಿದ್ದರೆ, ನಾಜಿಗಳು ಕಿತ್ತುಕೊಂಡದ್ದೋ ಎಂದು ಜಾಡು ಹಿಡಿಯದೆ ಮುಂದೆ ಹೋಗಬಾರದು. ಪುರಾತನ ಶಿಲ್ಪವಾದರೆ ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆ ತಡೆಯುವ ಯುನೆಸ್ಕೊದ 1970ರ ಒಪ್ಪಂದವನ್ನು ಗಡಿಯಾಗಿಟ್ಟುಕೊಂಡು, ಅದಕ್ಕೂ ಮೊದಲೇ ಮೂಲ ದೇಶದಿಂದ ಹೊರಬಂದಿತ್ತು ಅಥವಾ ಕಾನೂನುಬದ್ಧವಾಗಿ ಬಂತು ಎಂಬುದಕ್ಕೆ ಪುರಾವೆ ಕೇಳಿ.

ದಾನಪತ್ರದಲ್ಲಿ ಷರತ್ತು ಬೇಡ. ‘ಸದಾ ಪ್ರದರ್ಶನದಲ್ಲಿರಬೇಕು’, ‘ಜಾಗ ಕದಲಿಸಬಾರದು’ ಎಂಬ ಸಾಲುಗಳಿಗೆ ಒಪ್ಪಿದರೆ ಮುಂದಿನ ತಲೆಮಾರು ಕೋರ್ಟಿಗೆ ಅಲೆಯುತ್ತದೆ. ಅಮೆರಿಕದ ಕಲಾ ಸಂಗ್ರಾಹಕ ಆಲ್ಬರ್ಟ್ ಬಾರ್ನ್ಸ್ ತನ್ನ ಚಿತ್ರಗಳನ್ನು ಇದ್ದಲ್ಲಿಂದ ಅಲುಗಿಸಕೂಡದೆಂದು ಕಟ್ಟಿಟ್ಟಿದ್ದ. ಫಿಲಡೆಲ್ಫಿಯಾ ನಗರದೊಳಕ್ಕೆ ತರಲು 2004ರಲ್ಲಿ ನ್ಯಾಯಾಲಯದ ಅನುಮತಿ ಬೇಕಾಯಿತು, ಹೊಸ ಕಟ್ಟಡ ತೆರೆದದ್ದು 2012ರಲ್ಲಿ. ‘ಶಾಶ್ವತ ಎರವಲು’ ಎಂಬುದಕ್ಕೂ ಒಪ್ಪಬೇಡಿ. ಎರವಲೆಂದ ಮೇಲೆ ಅದಕ್ಕೊಂದು ಕೊನೆಯ ದಿನ ಇರಲೇಬೇಕು. ಇನ್ನೊಂದು: ಚಿತ್ರ ನಮ್ಮದಾದರೂ ಕೃತಿಸ್ವಾಮ್ಯ ತಾನಾಗಿ ಬರುವುದಿಲ್ಲ. ಅವಧಿ ಮುಗಿದಿರದಿದ್ದರೆ ಪೋಸ್ಟ್‌ಕಾರ್ಡ್, ಕ್ಯಾಲೆಂಡರ್ ಮುದ್ರಿಸಲು ಕಲಾವಿದರದೋ ಅವರ ವಾರಸುದಾರರದೋ ಲಿಖಿತ ಒಪ್ಪಿಗೆ ಪಡೆಯಬೇಕು.

ಯಾವ ದುಡ್ಡಿನಿಂದ, ಯಾರ ಮೂಲಕ ಬಂತು ಎಂಬ ಸಾಲಿನ ಬೆಲೆ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಗೊತ್ತಾಯಿತು. ಅಲ್ಲಿನ ಕಲಾ ಸಂಗ್ರಹಾಲಯದ ಸಂಗ್ರಹ ನಗರಾಡಳಿತದ ಸ್ವತ್ತಾಗಿತ್ತು. 2013ರಲ್ಲಿ ನಗರ ದಿವಾಳಿ ಅರ್ಜಿ ಹಾಕಿದಾಗ ಸಾಲ ಕೊಟ್ಟವರ ಕಣ್ಣು ಚಿತ್ರಗಳ ಮೇಲೆ ಬಿತ್ತು. ಮೌಲ್ಯ ಕಟ್ಟಲು ಬಂದವರು ಮೊದಲು ಎಣಿಸಿದ್ದು ನಗರದ ಹಣದಿಂದ ಕೊಂಡವನ್ನು. 1930ರಲ್ಲಿ ಹಾಗೆ ಕೊಂಡ, ಹದಿನಾರನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಮದುವೆ ಕುಣಿತದ ಚಿತ್ರವೂ ಅದರಲ್ಲಿತ್ತು. ಗೋಡೆಯ ಫಲಕದ ಕೊನೆಯಲ್ಲಿ ಯಾರೂ ಓದದ ‘ನಗರದ ಖರೀದಿ’ ಎಂಬ ಸಣ್ಣಕ್ಷರದ ಸಾಲು ಏಕಾಏಕಿ ಕೋಟಿಗಳ ಮಾತಾಯಿತು. ಕೊನೆಗೆ ಪ್ರತಿಷ್ಠಾನಗಳು, ರಾಜ್ಯ ಸರ್ಕಾರ ಮತ್ತು ದಾನಿಗಳು 80 ಕೋಟಿ ಡಾಲರಿಗೂ ಹೆಚ್ಚು ಕೊಡುವ ವಾಗ್ದಾನ ಮಾಡಿ, ಸಂಗ್ರಹದ ಒಡೆತನ ಸ್ವತಂತ್ರ ಸಂಸ್ಥೆಗೆ ವರ್ಗವಾಯಿತು.

ಹುಳು, ಬೂಷ್ಟು, ಬಿರುಕು

ಹೊಸದಾಗಿ ಬಂದದ್ದನ್ನು ಉಗ್ರಾಣದೊಳಗೆ ನೇರ ಒಯ್ಯಬೇಡಿ. ಬೇರೆ ಕೋಣೆಯಲ್ಲಿ, ಅಡಿಗೆ ಕಪ್ಪು ಕಾಗದ ಹಾಸಿ ಕನಿಷ್ಠ ಎರಡು ವಾರ ಇಡಿ. ಚೌಕಟ್ಟಿನಲ್ಲಿ ಮರಕೊರಕ ಜೀವಂತವಿದ್ದರೆ ಹಿಟ್ಟಿನಂಥ ತಿಳಿಬಣ್ಣದ ಪುಡಿ ಉದುರಿ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಬಟ್ಟೆ, ಪುಸ್ತಕಗಳಂತೆ ಚಿತ್ರವನ್ನೂ ಫ್ರೀಜರಿಗೆ ಹಾಕುವ ಯೋಚನೆ ಬೇಡ. ತಂಪಿಗೆ ಬಣ್ಣದ ಪದರ ಪೆಡಸಾಗಿ ಬಿರಿಯುತ್ತದೆ, ಅಕ್ರಿಲಿಕ್ ಅಂತೂ ಇನ್ನೂ ಬೇಗ. ಹುಳು ಕಂಡರೆ ಚೌಕಟ್ಟು ಬಿಡಿಸಿ, ಅದಕ್ಕೆ ಮಾತ್ರ ಚಿಕಿತ್ಸೆ ಮಾಡಿಸಿ.

ಈ ಬಿಡುವಿನಲ್ಲೇ ಸ್ಥಿತಿ ವರದಿ ಬರೆಯಿರಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚಿತ್ರದ ಒಂದು ಅಂಚಿನ ಪಕ್ಕ ಹಿಡಿದು ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಬಿಡಿ. ನೇರ ಬೆಳಕಿನಲ್ಲಿ ಸಪಾಟಾಗಿದ್ದ ಆಕಾಶದಲ್ಲಿ ಆಗ ಹಪ್ಪಳದ ಗುಳ್ಳೆಯಂತೆ ಬಣ್ಣ ಎದ್ದಿರುವುದು ಕಾಣುತ್ತದೆ. ‘ಸ್ಥಿತಿ ಸಾಧಾರಣ’ ಎಂಬ ಬರಹದಿಂದ ಯಾರಿಗೂ ಪ್ರಯೋಜನವಿಲ್ಲ. ‘ಎಡ ಅಂಚಿನಿಂದ 12 ಸೆಂ.ಮೀ., ಮೇಲಿನಿಂದ 8 ಸೆಂ.ಮೀ. ದೂರದಲ್ಲಿ 3 ಸೆಂ.ಮೀ. ಉದ್ದದ ಬಿರುಕು’ ಎಂದು ಬರೆದರೆ ಮುಂದಿನ ವರ್ಷ ಅದು ಬೆಳೆಯಿತೋ ಇಲ್ಲವೋ ಹೇಳಬಹುದು. ಬೆನ್ನನ್ನೂ ನೋಡಿ, ಫೋಟೊ ತೆಗೆಯಿರಿ: ಹರಾಜಿನ ಚೀಟಿ, ಹಳೆ ಪ್ರದರ್ಶನದ ಮುದ್ರೆಗಳೆಲ್ಲ ಅಲ್ಲೇ ಇರುತ್ತವೆ. ಅವನ್ನು ಕೀಳಬಾರದು.

ಸ್ವಚ್ಛಗೊಳಿಸುವ ಉತ್ಸಾಹ ತಡೆದುಕೊಳ್ಳಿ. ಕತ್ತರಿಸಿದ ಆಲೂಗಡ್ಡೆಯಿಂದ ಉಜ್ಜಿದರೆ ಹೊಳಪು ಬರುತ್ತದೆಂದು ಹೇಳುವವರು ಸಿಗುತ್ತಾರೆ. ಬರುವುದು ನಿಜ, ಆದರೆ ಬಿರುಕುಗಳಲ್ಲಿ ಉಳಿದ ಪಿಷ್ಟ ಬೂಷ್ಟಿಗೆ ಆಹಾರ. ತಜ್ಞರು ಹತ್ತಿಕಡ್ಡಿಗೆ ಎಂಜಲು ಹಚ್ಚಿ ಕೊಳೆ ತೆಗೆಯುವುದೂ ಉಂಟು, ಅದರಲ್ಲಿನ ಕಿಣ್ವಗಳು ಕೊಳೆಯನ್ನು ಸಡಿಲಿಸುತ್ತವೆ. ಅದು ತರಬೇತಾದ ಕೈಗಳ ಕೆಲಸ, ನಿಮ್ಮದಲ್ಲ.

ಸಂಖ್ಯೆ

ಸಮಿತಿ ಒಪ್ಪಿದ ದಿನವೇ ಸಂಖ್ಯೆ ಕೊಡಿ. 2026.7.3 ಎಂದರೆ 2026ನೇ ವರ್ಷದ ಏಳನೇ ಸ್ವೀಕೃತಿಯ ಮೂರನೇ ಕೃತಿ. ವರ್ಷವನ್ನು ‘26’ ಎಂದು ಮೊಟಕು ಮಾಡಬೇಡಿ, ಸಂಗ್ರಹಾಲಯ ನೂರು ವರ್ಷ ಬಾಳಿದರೆ ಯಾವ 26 ಎಂದು ತಿಳಿಯದು. ಸಂಖ್ಯೆಯೊಳಗೆ ‘ಜಲವರ್ಣ’, ‘ಭೂದೃಶ್ಯ’ ಎಂಬ ಸಂಕೇತ ತುರುಕುವುದೂ ತಪ್ಪು. ಮುಂದೆ ಅದು ಮುದ್ರಣಚಿತ್ರ ಎಂದು ಗೊತ್ತಾದರೆ ಸಂಖ್ಯೆಯೇ ಸುಳ್ಳು ಹೇಳುತ್ತದೆ. ಕೃತಿ ಸಂಗ್ರಹದಿಂದ ಹೊರಹೋದರೂ ಅದರ ಸಂಖ್ಯೆ ಮತ್ತೊಂದಕ್ಕೆ ಸಲ್ಲದು.

ಕಾಗದದ ಕೃತಿಯನ್ನು ಶುಭ್ರವಾದ ಗಟ್ಟಿ ಮೇಜಿನ ಮೇಲೆ ಕವುಚಿ, ಬೆನ್ನಿನ ಕೆಳಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಗೀರು ಮುಂದೆ ಉಬ್ಬಾಗಿ ಮೂಡುತ್ತದೆ. ತೈಲಚಿತ್ರಕ್ಕೆ ಕ್ಯಾನ್ವಾಸಿನ ಮೇಲೆ ಬರೆಯುವಂತಿಲ್ಲ. ಕ್ಯಾನ್ವಾಸ್ ಬಿಗಿದ ಮರದ ಪಟ್ಟಿಯ ಮೇಲೂ ಹೊರ ಚೌಕಟ್ಟಿನ ಮೇಲೂ ಎರಡು ಕಡೆ ಬರೆಯಬೇಕು, ಏಕೆಂದರೆ ಅವು ಒಂದಲ್ಲ ಒಂದು ದಿನ ಬೇರೆಯಾಗುತ್ತವೆ. ಅಸಿಟೋನಿನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ಅಕ್ರಿಲಿಕ್ ರಾಳವನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಶಾಯಿಯಲ್ಲಿ ಬರೆದು, ಮೇಲೆ ಮತ್ತೊಂದು ಪದರ ಕೊಡಿ. ಬೇಕೆಂದಾಗ ಅಸಿಟೋನಿನಲ್ಲೇ ಅಳಿಸಬಹುದು. ಅಂಟುಟೇಪು ಬೇಡವೇ ಬೇಡ.

ಗೋಡೆ ಮತ್ತು ಬೆಳಕು

ಚಿತ್ರದ ನಡುಭಾಗ ನೆಲದಿಂದ ಸುಮಾರು 148 ಸೆಂ.ಮೀ. ಇರಲಿ. 80 ಸೆಂ.ಮೀ. ಎತ್ತರದ ಚೌಕಟ್ಟು, ಕೊಕ್ಕೆ ಹಿಡಿಯುವ ಜಾಗ ಮೇಲಂಚಿನಿಂದ 9 ಸೆಂ.ಮೀ. ಕೆಳಗಿದ್ದರೆ ಲೆಕ್ಕ ಹೀಗೆ: 148 + 40 − 9 = 179. ಮೊಳೆ ಅಲ್ಲಿಗೆ. ಒಂದೇ ಮೊಳೆಗೆ ತಂತಿ ನೇತುಹಾಕದೆ, ಚೌಕಟ್ಟಿನ ಬೆನ್ನಿನ ಎರಡು ಬಳೆಗೆ ಎರಡು ಕೊಕ್ಕೆ ಕೊಡಿ. ಹೊರಗೋಡೆಯಾದರೆ ಕೆಳಮೂಲೆಗಳ ಹಿಂದೆ ಬೆಂಡಿನ ತುಂಡು ಅಂಟಿಸಿ ಗಾಳಿಯಾಡಲು ಬಿಡಿ.

ಬೆಳಕಿನ ಮಿತಿ ಜಲವರ್ಣ, ಬಟ್ಟೆ, ಫೋಟೊಗಳಿಗೆ 50 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ), ತೈಲಚಿತ್ರಕ್ಕೆ 200. ಲಕ್ಸ್ ಮೀಟರನ್ನು ಚಿತ್ರದ ಮೈಗೆ ಸಮೀಪ ಹಿಡಿದು, ಮುಖ ಹೊರಗೆ ಮಾಡಿ ಅಳೆಯಿರಿ. ಹಾನಿ ಜಮೆಯಾಗುತ್ತ ಹೋಗುತ್ತದೆ ಎಂಬುದು ಮುಖ್ಯ. 50 ಲಕ್ಸ್‌ನಲ್ಲಿ ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ ಇಟ್ಟರೆ 1,20,000 ಲಕ್ಸ್-ಗಂಟೆ. 75 ದಿನಕ್ಕೆ ಇಳಿಸಿದರೆ 30,000. ಕತ್ತಲ ಪೆಟ್ಟಿಗೆಯಲ್ಲಿ ‘ವಿಶ್ರಾಂತಿ’ ಕೊಟ್ಟರೆ ಮಾಸಿದ ಬಣ್ಣ ಮರಳುತ್ತದೆಂದು ಭಾವಿಸಬೇಡಿ, ಉಳಿದ ಬಣ್ಣದ ಖರ್ಚು ನಿಲ್ಲುತ್ತದೆ ಅಷ್ಟೆ. ತೇವಾಂಶ ಶೇ. 40ರಿಂದ 60, ಉಷ್ಣಾಂಶ 16ರಿಂದ 25 ಡಿಗ್ರಿ ನಡುವೆ ಇದ್ದರೆ ಹೆಚ್ಚಿನ ಕೃತಿಗಳಿಗೆ ಸಾಕು. ಏರಿಳಿತ ನಿಧಾನವಾಗಿರಬೇಕು.

ಚಿತ್ರ ಕದಲಿದಾಗಲೆಲ್ಲ ಖಾಲಿ ಕೊಕ್ಕೆಗೆ ಚೀಟಿ ಸಿಕ್ಕಿಸಿ: ಸಂಖ್ಯೆ, ಎಲ್ಲಿಗೆ, ಯಾವತ್ತು, ಯಾರು ಒಯ್ದರು. ಕಳುವಾಯಿತೆಂದು ಗಾಬರಿಪಟ್ಟ ಚಿತ್ರ ಪಕ್ಕದ ಕಪಾಟಿನಲ್ಲೇ ಸಿಕ್ಕುವುದು ಉಂಟು.

ಜನರ ಮುಂದೆ

ಜಾಗ ಚಿಕ್ಕದಿದ್ದರೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಯುದ್ಧಕಾಲದ ಉಪಾಯ ಅನುಸರಿಸಿ. ಬಾಂಬಿನ ಭಯಕ್ಕೆ ಚಿತ್ರಗಳೆಲ್ಲ ವೇಲ್ಸ್‌ನ ಸ್ಲೇಟ್ ಗಣಿ ಸೇರಿದ್ದಾಗ, 1942ರಿಂದ ತಿಂಗಳಿಗೆ ಒಂದೇ ಚಿತ್ರ ತಂದು ತೋರಿಸಿದರು. ಜನ ಅದನ್ನೇ ನೋಡಲು ಬಂದರು. ತಿಂಗಳ ಚಿತ್ರದ ಮುಂದೆ ಹದಿನೈದು ಜನ, ಇಪ್ಪತ್ತು ನಿಮಿಷ, ಕೆಲವು ಮಡಚು ಕುರ್ಚಿ, ಇಷ್ಟಿದ್ದರೆ ಸಾಕು. ಫಲಕ 60 ಪದ ಮೀರದಿರಲಿ, ಗಾಲಿಕುರ್ಚಿಯಲ್ಲಿ ಕೂತವರಿಗೂ ಓದಲು ಸಿಗುವ ಎತ್ತರದಲ್ಲಿರಲಿ.

ಹಾಗೆ ಬಂದ ಹಿರಿಯರೊಬ್ಬರು ‘ಇದು ನೀವು ಬರೆದ ಸೇತುವೆಯಲ್ಲ, ಅದರಾಚೆಯದು’ ಎಂದರೆ ತಲೆಯಾಡಿಸಿ ಕಳಿಸಬೇಡಿ. ಹೇಳಿದವರು ಯಾರು, ಯಾವತ್ತು ಎಂದು ಆ ಸಂಖ್ಯೆಯ ಕಡತದಲ್ಲಿ ಬರೆಯಿರಿ. ಹಳೆ ಬರಹ ಅಳಿಸಬೇಡಿ, ಅದರ ಕೆಳಗೆ ಹೊಸದನ್ನು ಸೇರಿಸಿ.