ಪಿಎಚ್.ಡಿ. ಗುರಿ ಇಟ್ಟು ಸ್ಟ್ಯಾಟಿಸ್ಟಿಕ್ಸ್ ಮಾಸ್ಟರ್ಸ್ ಆರಿಸಿದ್ದು: ನನ್ನ ಅನುಭವ

ಡೇಟಾ ಸೈನ್ಸ್ ಬಿಟ್ಟು ಅಪ್ಪಟ ಸ್ಟ್ಯಾಟಿಸ್ಟಿಕ್ಸ್‌ಗೆ ಹೋಗ್ತೀನಿ ಅಂದಾಗ ಬೇಡ ಅಂದವರೇ ಹೆಚ್ಚು. ಈಗ ಅಮೆರಿಕದಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದೆ, ಫೀಸು ಮನ್ನಾ, ಟಿ.ಎ. (ಪಾಠಕ್ಕೆ ಸಹಾಯಕನ ಕೆಲಸ) ಸಂಬಳವೂ ಇದೆ. ಪಿಎಚ್.ಡಿ. ಮುಂದುವರಿಸಲು ಪಾಸಾಗಲೇಬೇಕಾದ ಮೊದಲ ವರ್ಷದ ಕ್ವಾಲಿಫೈಯಿಂಗ್ ಪರೀಕ್ಷೆ ಒಂದೇ ಸಲಕ್ಕೆ ಪಾಸಾಯಿತು. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಜ್ಯಾಮ್ (ಐ.ಐ.ಟಿ. ಮುಂತಾದ ಕಡೆ ಎಂ.ಎಸ್ಸಿ.ಗೆ ಇರುವ ಪ್ರವೇಶ ಪರೀಕ್ಷೆ), ಐ.ಎಸ್.ಐ. (ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್ಸ್ಟಿಟ್ಯೂಟ್) ಕಡೆ ನೋಡುತ್ತಿರುವವರಿಗೆ ಇದು.

ರ‍್ಯಾಂಕಿಂಗ್ ಪಟ್ಟಿಗಳನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಹೋಗಬೇಕೆಂದಿದ್ದ ಪಿಎಚ್.ಡಿ. ವಿಭಾಗಗಳ ವಿದ್ಯಾರ್ಥಿ ಪಟ್ಟಿ ತೆಗೆದು, ಸುಮಾರು 120 ಸಿ.ವಿ. ಓದಿದೆ. ಎಕ್ಸೆಲ್‌ನಲ್ಲಿ ನಾಲ್ಕೇ ಕಾಲಂ: ಮಾಸ್ಟರ್ಸ್ ಎಲ್ಲಿ, ಯಾವ ವರ್ಷ, ಥೀಸಿಸ್ ಇತ್ತೇ, ಯಾರ ಕೈಕೆಳಗೆ. ಒಂದು ಸಂಸ್ಥೆಯಿಂದ ಐದು ವರ್ಷದಲ್ಲಿ ಒಬ್ಬರೇ ಹೋಗಿದ್ದರೆ ಅದು ಆ ಹುಡುಗನ ಅಥವಾ ಹುಡುಗಿಯ ಸಾಮರ್ಥ್ಯ. ಮೂವರು ಹೋಗಿದ್ದರೆ ಅಲ್ಲಿಯ ಮೇಷ್ಟ್ರ ಶಿಫಾರಸು ಪತ್ರಕ್ಕೆ ಬೆಲೆ ಇದೆ ಅಂತ ಅರ್ಥ. ಮೂರು ಶನಿವಾರ-ಭಾನುವಾರ ಹಿಡಿದ ಕೆಲಸ, ಆದರೆ ಪಟ್ಟಿ ಮೂವತ್ತರಿಂದ ಎಂಟಕ್ಕೆ ಇಳಿಯಿತು.

ಆಮೇಲೆ ಸಿಲಬಸ್. 'ಅಡ್ವಾನ್ಸ್ಡ್ ಪ್ರಾಬಬಿಲಿಟಿ' ಅನ್ನೋ ಹೆಸರು ನೋಡಿ ಮೋಸ ಹೋಗಬೇಡಿ. ಕಂಡೀಷನಲ್ ಎಕ್ಸ್‌ಪೆಕ್ಟೇಶನ್ (ಒಂದು ವಿಷಯ ಗೊತ್ತಿದ್ದಾಗ ಇನ್ನೊಂದರ ಸರಾಸರಿ) ಅನ್ನು ಹೇಗೆ ಹೇಳಿಕೊಡುತ್ತಾರೆ ಅನ್ನೋದೊಂದನ್ನೇ ನೋಡಿ. ಜಾಯಿಂಟ್ ಡೆನ್ಸಿಟಿಯನ್ನು ಮಾರ್ಜಿನಲ್‌ನಿಂದ ಭಾಗಿಸುವಲ್ಲಿಗೇ ನಿಲ್ಲಿಸಿದರೆ ಅದು ಬಿ.ಎಸ್ಸಿ.ಯ ಮುಂದುವರಿಕೆ ಅಷ್ಟೆ. ಸಬ್ ಸಿಗ್ಮಾ-ಫೀಲ್ಡ್‌ಗೆ ಮೆಷರಬಲ್ ಆದ ರ‍್ಯಾಂಡಮ್ ವೇರಿಯಬಲ್ ಎಂದು ಶುರುಮಾಡಿ, ಮೆಷರ್ ಥಿಯರಿಯ (ಪ್ರಾಬಬಿಲಿಟಿಯ ಗಣಿತದ ಬುನಾದಿ) ರೇಡಾನ್-ನಿಕೋಡಿಮ್ ಪ್ರಮೇಯದ ಮೂಲಕ ಅದು ಇದೆ ಎಂದು ಸಾಧಿಸಿದರೆ ಮಾತ್ರ ಪಿಎಚ್.ಡಿ. ಮೊದಲ ವರ್ಷಕ್ಕೆ ತಯಾರಿ. ಲೀನಿಯರ್ ಮಾಡೆಲ್ಸ್‌ನಲ್ಲೂ ಹಾಗೇ: ಫುಲ್ ರ‍್ಯಾಂಕ್ ಇಲ್ಲದ ಮ್ಯಾಟ್ರಿಕ್ಸ್ ಬಂದಾಗ ಪ್ರೊಜೆಕ್ಷನ್‌ನಿಂದ ಬಿಡಿಸುತ್ತಾರೋ, ಬರೀ ಅನೋವಾ ಟೇಬಲ್ ತುಂಬಿಸುತ್ತಾರೋ?

ಸಿಲಬಸ್‌ಗಿಂತ ಹಳೆಯ ಪ್ರಶ್ನೆಪತ್ರಿಕೆ ನಿಜ ಹೇಳುತ್ತದೆ. 'ಪ್ರಮೇಯ ಬರೆದು ಸಾಧಿಸಿ' ಅನ್ನೋದೇ ತುಂಬಿದ್ದರೆ ಅದು ಬಾಯಿಪಾಠದ ಪರೀಕ್ಷೆ, ಬಿಟ್ಟುಬಿಡಿ. ನಾನು ಸೀನಿಯರ್‌ಗಳಿಗೆ ಒಂದು ಪ್ರಶ್ನೆ ಕಳಿಸಿ ನೋಡುತ್ತಿದ್ದೆ: ಯೂನಿಫಾರ್ಮ್(0, ಥೀಟಾ)ದಿಂದ ಎನ್ ಸ್ಯಾಂಪಲ್, ಗರಿಷ್ಠ ಬೆಲೆ ಎಂ, ಎನ್ ದೊಡ್ಡದಾದಂತೆ ಎನ್ × (ಥೀಟಾ − ಎಂ) ಯಾವ ಡಿಸ್ಟ್ರಿಬ್ಯೂಷನ್‌ಗೆ ಹೋಗುತ್ತೆ? ಉತ್ತರ ನಾರ್ಮಲ್ ಅಲ್ಲ, ಸರಾಸರಿ ಥೀಟಾ ಇರುವ ಎಕ್ಸ್‌ಪೊನೆನ್ಷಿಯಲ್. ಸೆಂಟ್ರಲ್ ಲಿಮಿಟ್ ಥಿಯರಂ (ಸರಾಸರಿಗಳು ನಾರ್ಮಲ್ ಕಡೆ ಹೋಗುತ್ತವೆ ಅನ್ನೋ ಪ್ರಮೇಯ) ಇಲ್ಲಿ ಯಾಕೆ ಬರಲ್ಲ ಅಂತ ಎರಡು ಸಾಲಿನಲ್ಲಿ ಹೇಳಿದವರ ವಿಭಾಗಕ್ಕೆ ನನ್ನ ಶೀಟಿನಲ್ಲಿ ಒಂದು ಅಂಕ ಹೆಚ್ಚು.

ನಾನು ಕೈಸುಟ್ಟುಕೊಂಡಿದ್ದು ಸಮಯದ ಲೆಕ್ಕದಲ್ಲಿ. ಮೊದಲು ಒಂದು ವರ್ಷದ ವಿದೇಶಿ ಮಾಸ್ಟರ್ಸ್‌ಗೆ ಹಾಕಿದ್ದೆ. ಸೆಪ್ಟೆಂಬರ್ ಕೊನೆಗೆ ಕ್ಲಾಸು ಶುರು, ಡಿಸೆಂಬರ್ ಮೊದಲರ್ಧಕ್ಕೆ ಪಿಎಚ್.ಡಿ. ಅರ್ಜಿಯ ಕೊನೇ ದಿನ. ಅಷ್ಟರಲ್ಲಿ ಒಂದೂ ಪರೀಕ್ಷೆ ಆಗಿರಲ್ಲ, ಪತ್ರ ಬರೆಯುವವರಿಗೆ ನಮ್ಮ ಮುಖವೇ ನೆನಪಿರಲ್ಲ. ಅಂದರೆ ಒಂದು ವರ್ಷ ಖಾಲಿ ಕೂರಬೇಕು. ಅದನ್ನು ಕೈಬಿಟ್ಟೆ, ಮುಂಗಡ ಕಟ್ಟಿದ್ದ ಎಂಬತ್ತು ಸಾವಿರದ ಹತ್ತಿರ ಹಣ ವಾಪಸ್ ಬರಲಿಲ್ಲ. ಎರಡು ವರ್ಷದ ಕೋರ್ಸ್‌ನಲ್ಲೂ ಅರ್ಜಿ ಹೋಗುವುದು ಮೂರನೇ ಸೆಮಿಸ್ಟರ್‌ನಲ್ಲಿ. ಆದ್ದರಿಂದ ಮೆಷರ್ ಥಿಯರಿ ಮೊದಲ ವರ್ಷದೊಳಗೇ ಮುಗಿಯಬೇಕು. ನಾಲ್ಕನೇ ಸೆಮಿಸ್ಟರ್‌ನ ಎಲೆಕ್ಟಿವ್ ಆಗಿ ಇಟ್ಟಿದ್ದರೆ ಅರ್ಜಿಗೆ ಅದು ಇಲ್ಲದ ಹಾಗೇ. ಮಕ್ಕಳು ಸಾಲದೆ ಎಲೆಕ್ಟಿವ್ ನಡೆಯದೇ ಹೋಗುವುದೂ ಉಂಟು, ಹಿಂದಿನ ವರ್ಷದ ಟೈಮ್‌ಟೇಬಲ್ ಕೇಳಿ ನೋಡಿ.

ಪ್ರವೇಶ ಪರೀಕ್ಷೆಯಲ್ಲೂ ಮೊದಲ ಸಲ ಬಿದ್ದೆ. ಜ್ಯಾಮ್‌ನಲ್ಲಿ ಎರಡು ಅಂಕದ ಎಂ.ಸಿ.ಕ್ಯೂ. ತಪ್ಪಿದರೆ 2/3 ಅಂಕ ಹೋಗುತ್ತೆ, ಸಂಖ್ಯೆ ತುಂಬಿಸುವ ಪ್ರಶ್ನೆಗಳಿಗೆ ಕಡಿತ ಇಲ್ಲ. ನಾನು ಉಲ್ಟಾ ಮಾಡಿ, ಎಂ.ಸಿ.ಕ್ಯೂ.ನಲ್ಲಿ ಅಂದಾಜು ಹೊಡೆದು, ಸಂಖ್ಯೆ ತುಂಬಿಸುವವನ್ನು ಕೊನೆಗೆ ಬಿಟ್ಟೆ. ಐ.ಎಸ್.ಐ.ನ ಪಿ.ಎಸ್.ಬಿ. (ಉತ್ತರ ವಿವರಿಸಿ ಬರೆಯುವ) ಪತ್ರಿಕೆಯಲ್ಲಿ ಎಂಟು ಪ್ರಶ್ನೆ ಅರೆಬರೆ ಮುಟ್ಟುವುದಕ್ಕಿಂತ ನಾಲ್ಕನ್ನು ಪೂರ್ತಿ ಸಾಧಿಸುವುದು ಮೇಲು; ಲಿಮಿಟ್ ಮತ್ತು ಇಂಟಿಗ್ರಲ್ ಅದಲುಬದಲು ಮಾಡಿದರೆ ಕಾರಣ ಬರೀಲೇಬೇಕು. ಎರಡನೇ ಸಲ ಹಾಗೇ ಬರೆದೆ, ಎಂ.ಸ್ಟ್ಯಾಟ್ (ಐ.ಎಸ್.ಐ.ನ ಮಾಸ್ಟರ್ಸ್) ಸಿಕ್ಕಿತು. ಹೊರಗಿನ ಡಿಗ್ರಿಯವರಿಗೆ, ಅಂದರೆ ಐ.ಎಸ್.ಐ.ನ ಬಿ.ಸ್ಟ್ಯಾಟ್ ಓದದವರಿಗೆ, ಅಲ್ಲಿ ಎನ್.ಬಿ. ಅನ್ನೋ ಬೇರೆ ಸ್ಟ್ರೀಮ್. ಅನಾಲಿಸಿಸ್ ಗಟ್ಟಿಯಿಲ್ಲದಿದ್ದರೆ ಮೊದಲ ಸೆಮಿಸ್ಟರ್ ಉಸಿರುಗಟ್ಟಿಸುತ್ತೆ.

ದುಡ್ಡಿನ ಮಾತು. ಐ.ಎಸ್.ಐ.ನಲ್ಲಿ ಟ್ಯೂಷನ್ ಫೀಸಿಲ್ಲ, ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್. ಅಮೆರಿಕದಲ್ಲೇ ಮಾಸ್ಟರ್ಸ್ ಅಂದರೆ ಖರ್ಚೆಲ್ಲ ಸೇರಿ 50 ಲಕ್ಷ ಆರಾಮವಾಗಿ ದಾಟುತ್ತೆ, ಸಾಲ ತಲೆ ಮೇಲಿದ್ದರೆ ಪಿಎಚ್.ಡಿ. ಬಿಟ್ಟು ಕೆಲಸಕ್ಕೆ ಓಡಬೇಕಾಗುತ್ತೆ. ಪಿಎಚ್.ಡಿ. ಅರ್ಜಿಗಳಿಗೆ ಒಂದೊಂದಕ್ಕೆ 75ರಿಂದ 125 ಡಾಲರ್. ನಾನು ಹನ್ನೊಂದು ಹಾಕಿದೆ, ಜಿ.ಆರ್.ಇ., ಟೋಫೆಲ್ ಸೇರಿ ಒಂದೂಕಾಲು ಲಕ್ಷ ಆಯಿತು. ಎರಡು ಕಡೆ ಫೀಸು ಮನ್ನಾ ಸಿಕ್ಕಿತು; ಅದನ್ನು ಕೇಳಿದ ಮೇಲ್ ಹೇಗಿತ್ತು ಅನ್ನೋದು ನನ್ನ ಹತ್ತಿರವೇ ಇರಲಿ.

ನಡುವೆ ಜರ್ಮನಿಯನ್ನೂ ತಡಕಿದ್ದೆ. ಮ್ಯೂನಿಕ್‌ನ ಎಲ್.ಎಂ.ಯು.ನಲ್ಲಿ ಟ್ಯೂಷನ್ ಇಲ್ಲ, ಆದರೆ ವೀಸಾಗೆ ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು. ಕೋರ್ಸ್ ಒಳ್ಳೆಯದೇ, ಅಷ್ಟು ಹಣ ಒಟ್ಟಿಗೆ ಹೊಂದಿಸಲು ಆಗಲಿಲ್ಲ.

ನಮ್ಮ ಮೂರು ವರ್ಷದ ಬಿ.ಎಸ್ಸಿ. ಒಂದನ್ನೇ ಇಟ್ಟುಕೊಂಡು ನೇರ ಪಿಎಚ್.ಡಿ.ಗೆ ಹಾಕಿದರೆ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಒಪ್ಪಲ್ಲ, ಎಂ.ಎಸ್ಸಿ. ಸೇರಿದರೆ ಆ ತೊಡಕು ಇಲ್ಲ. ಮೈಸೂರು, ಧಾರವಾಡ, ಕೊಣಾಜೆ, ಜ್ಞಾನಭಾರತಿಯಲ್ಲಿ ಈಗಾಗಲೇ ಎಂ.ಎಸ್ಸಿ. ಓದುತ್ತಿರುವವರು ಬಿಟ್ಟು ಬರಬೇಕಿಲ್ಲ. ಮೊದಲ ವರ್ಷದ ಬೇಸಿಗೆಗೆ ಬೆಂಗಳೂರಿನ ಐ.ಎಸ್.ಐ. ಅಥವಾ ಐ.ಐ.ಎಸ್ಸಿ. ಪ್ರಾಧ್ಯಾಪಕರ ಕೈಕೆಳಗೆ ಆರೆಂಟು ವಾರದ ಪ್ರಾಜೆಕ್ಟ್ ಹಿಡಿಯಿರಿ, ಜನವರಿಯಲ್ಲೇ ಬರೆದು ಕೇಳಿ. ಮೆಷರ್ ಥಿಯರಿ ಕೊರತೆಗೆ ಎನ್‌ಪಿಟೆಲ್ (ಐ.ಐ.ಟಿ.ಗಳ ಆನ್ಲೈನ್ ಕೋರ್ಸ್) ಪರೀಕ್ಷೆ ಬರೆಯಿರಿ, ಸಾವಿರ ರೂಪಾಯಿ. ಜುಲೈ ಬ್ಯಾಚ್ ಬೇಡ, ಅದರ ಫಲಿತಾಂಶ ಬರುವಷ್ಟರಲ್ಲಿ ಅರ್ಜಿ ಮುಗಿಯುವ ಹೊತ್ತಾಗಿರುತ್ತೆ. ಎರಡನೇ ಸೆಮಿಸ್ಟರ್‌ನ ಜನವರಿ ಬ್ಯಾಚ್‌ಗೇ ಹೆಸರು ಕೊಡಿ.